ವೈಫೈ ಬರುತ್ತಿಲ್ಲವೇ? ಮೊದಲು ಕೇಬಲ್ ಕಿತ್ತು ನೋಡಿ

ಪ್ರಶ್ನೆ: ಸರ್, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಇದ್ದೇನೆ. ಡಿಪ್ಲೊಮಾ ಓದುತ್ತಿರುವ ಮೊಮ್ಮಗಳಿಗೆ ಅಂತ ಅಳಿಯಂದಿರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಡೆಲ್ ಲ್ಯಾಟಿಟ್ಯೂಡ್ ಇ6430 ತಂದುಕೊಟ್ಟರು. ಅಂಗಡಿಯಲ್ಲಿ ವಿಂಡೋಸ್ 10 ಇತ್ತು, ವೈಫೈ ಬರುತ್ತಿತ್ತಂತೆ. ತುಂಬಾ ನಿಧಾನ ಅಂತ ಮೊಮ್ಮಗಳ ಕ್ಲಾಸಿನ ಹುಡುಗನೊಬ್ಬ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಸಿಸ್ಟಮ್ ಹಾಕಿಕೊಟ್ಟ. ಈಗ ಲ್ಯಾಪ್‌ಟಾಪ್ ಚುರುಕಾಗಿದೆ, ಆದರೆ ವೈಫೈ ಗುರುತೇ ಕಾಣುತ್ತಿಲ್ಲ. ರೂಟರಿನಿಂದ ಕೇಬಲ್ ಎಳೆದು ಹಾಕಿದರೆ ಇಂಟರ್ನೆಟ್ ಬರುತ್ತದೆ, ಹಾಗಾಗಿ ಕೇಬಲ್ ಹಾಕಿಯೇ ಇಟ್ಟಿದ್ದೇವೆ. ಪೇಟೆಯ ರಿಪೇರಿ ಅಂಗಡಿಯವರು ‘ಮದರ್‌ಬೋರ್ಡ್ ಹೋಗಿದೆ’ ಅಂದರು. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ಮದರ್‌ಬೋರ್ಡ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತದೆ. ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ಅಂಗಡಿಯಲ್ಲಿ ವೈಫೈ ಬರುತ್ತಿತ್ತು ಎಂದರೆ ಒಳಗೆ ಕಾರ್ಡ್ ಇದೆ, ಮೊನ್ನೆಮೊನ್ನೆಯವರೆಗೆ ಅದಕ್ಕೆ ಜೀವವೂ ಇತ್ತು. ಕೇಬಲ್‌ನಲ್ಲಿ ಇಂಟರ್ನೆಟ್ ಬರುತ್ತದೆ ಎಂದರೆ ನಿಮ್ಮ ರೂಟರ್ ಸರಿಯಿದೆ, ಮಿಂಟ್ ಕೂಡ ಸರಿಯಾಗಿಯೇ ಕೂತಿದೆ.

ಇಂಥ ಕೇಸುಗಳಲ್ಲಿ ಎಲ್ಲರೂ ಮೊದಲು ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹಿಂದೆ ಓಡುತ್ತಾರೆ. ನಾನೂ ಓಡುತ್ತಿದ್ದೆ. ಈಗ ಓಡುವುದಿಲ್ಲ. ಲ್ಯಾಪ್‌ಟಾಪಿಗೆ ತನ್ನ ವೈಫೈ ಕಾರ್ಡ್ ಕಾಣುತ್ತಿದೆಯಾ, ಇಲ್ಲವಾ? ಇದೊಂದು ಮೊದಲು ಗೊತ್ತಾಗಬೇಕು. ಕಾರ್ಡೇ ಕಾಣದಿರುವುದು ಒಂದು ಕಾಯಿಲೆ. ಕಾರ್ಡ್ ಕಂಡರೂ ಅದನ್ನು ನಡೆಸಲು ಬಾರದಿರುವುದು ಬೇರೆಯೇ ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಆ ಕೇಬಲ್ ಕೀಳಿ.

ತಮಾಷೆಗೆ ಹೇಳುತ್ತಿಲ್ಲ. ಲ್ಯಾಟಿಟ್ಯೂಡ್ ಮನೆಬಳಕೆಗೆ ಅಂತ ಮಾಡಿದ ಲ್ಯಾಪ್‌ಟಾಪ್ ಅಲ್ಲ, ಕಂಪನಿಗಳಿಗೆ ಅಂತ ಮಾಡಿದ್ದು. ಇ6430 ಬಂದದ್ದು 2012ರಲ್ಲಿ. ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬರುವ ಇಂಥ ಮಷಿನ್‌ಗಳಲ್ಲಿ ಹೆಚ್ಚಿನವು ಯಾವುದೋ ಆಫೀಸಿನಲ್ಲಿ ಮೂರ್ನಾಲ್ಕು ವರ್ಷ ದುಡಿದು, ಲೀಸ್ ಮುಗಿದ ಮೇಲೆ ಮೂಟೆಗಟ್ಟಲೆ ಹರಾಜಾಗಿ ಬಂದಂಥವು. ಹಾರ್ಡ್ ಡಿಸ್ಕ್ ಅಳಿಸಿದರೂ ಹಳೆಯ ಯಜಮಾನ ಹಾಕಿದ್ದ ಕೆಲವು ಕಟ್ಟಳೆಗಳು ಬಯೋಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಏಳುವ ಒಳಗಿನ ಸಾಫ್ಟ್‌ವೇರಿನಲ್ಲಿ, ಹಾಗೇ ಉಳಿದಿರುತ್ತವೆ. ಅವುಗಳಲ್ಲಿ ಒಂದರ ಹೆಸರು ‘ಕಂಟ್ರೋಲ್ ಡಬ್ಲ್ಯುಲ್ಯಾನ್ ರೇಡಿಯೋ’. ಡಬ್ಲ್ಯುಲ್ಯಾನ್ ಅಂದರೆ ವೈಫೈಯೇ. ಇದು ಆನ್ ಆಗಿದ್ದರೆ ಕೇಬಲ್ ಸಿಕ್ಕಿಸಿದ ಕೂಡಲೇ ವೈಫೈ ತಾನಾಗಿ ಆಫ್ ಆಗುತ್ತದೆ. ಒಂದೇ ಮಷಿನ್ ಏಕಕಾಲಕ್ಕೆ ಆಫೀಸಿನ ಒಳ ನೆಟ್‌ವರ್ಕಿಗೂ ಹೊರಗಿನ ವೈಫೈಗೂ ಸೇರಿಕೊಳ್ಳಬಾರದು ಅಂತ ಕಂಪನಿಗಳು ಹೀಗೆ ಮಾಡುತ್ತವೆ. ನೀವೋ, ವೈಫೈ ಬರುತ್ತಿಲ್ಲ ಅಂತ ಕೇಬಲ್ ಹಾಕಿದ್ದೀರಿ. ಕೇಬಲ್ ಇದೆ ಅಂತ ಅದು ವೈಫೈ ಬಿಡದೆ ಕೂತಿರಬಹುದು! ಕೇಬಲ್ ಕಿತ್ತು, ಒಮ್ಮೆ ರೀಸ್ಟಾರ್ಟ್ ಮಾಡಿ, ಒಂದು ನಿಮಿಷ ಕಾದು ನೋಡಿ.

ಬಂದರೆ ಇಲ್ಲಿಗೆ ಓದುವುದನ್ನು ನಿಲ್ಲಿಸಬಹುದು. ಬರಲಿಲ್ಲವಾದರೆ ಬಲಬದಿಯ ಅಂಚನ್ನು ಬೆರಳಿನಿಂದ ಸವರಿ. ಉಗುರಿಗೆ ಸಿಗುವಷ್ಟು ಚಿಕ್ಕದೊಂದು ಜಾರುವ ಸ್ವಿಚ್ ಇದೆ. ವೈಫೈ ಸ್ವಿಚ್ ಅದೇ. ಬ್ಯಾಗಿಗೆ ತುರುಕುವಾಗ, ತೆಗೆಯುವಾಗ ಇದು ತಾನಾಗಿ ಸರಿದುಬಿಡುತ್ತದೆ. ಈಗಿನ ಲ್ಯಾಪ್‌ಟಾಪ್ ನೋಡಿ ಬೆಳೆದ ಮಕ್ಕಳಿಗೆ ಇಂಥದ್ದೊಂದು ಇರುತ್ತದೆ ಎಂದೇ ಗೊತ್ತಿರುವುದಿಲ್ಲ, ಹಾಗಾಗಿ ಮಿಂಟ್ ಹಾಕಿದ ಹುಡುಗನ ತಪ್ಪೇನಿಲ್ಲ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಸರಿಸಿ ನೋಡಿ. ಬೇರೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ: ಎಚ್‌ಪಿಯ ಹಳೆಯ ಮಾಡೆಲ್‌ಗಳಲ್ಲಿ ಕೀಬೋರ್ಡಿನ ಮೇಲೆ ಅಥವಾ ಎಫ್12 ಗುಂಡಿಯಲ್ಲಿ ಆಂಟೆನಾ ಚಿತ್ರದ ಪುಟ್ಟ ದೀಪ ಇರುತ್ತದೆ. ಅದು ಕಿತ್ತಳೆ ಬಣ್ಣಕ್ಕಿದ್ದರೆ ವೈಫೈ ಆಫ್, ನೀಲಿ ಅಥವಾ ಬಿಳಿ ಇದ್ದರೆ ಆನ್. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್ಎನ್ ಜೊತೆ ಎಫ್5 ಒತ್ತಿ ನೋಡಿ, ಅಂಚಿನಲ್ಲೂ ಸ್ವಿಚ್ ಹುಡುಕಿ.

ಸ್ವಿಚ್ಚೂ ಅಲ್ಲವೆಂದಾದರೆ ಬಯೋಸ್ ಒಳಗೆ ಹೋಗಬೇಕು. ಹೆದರಿಕೆ ಬೇಡ, ನೋಡುವುದರಿಂದ ಏನೂ ಕೆಡುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ, ಡೆಲ್ ಲೋಗೋ ಬಂದ ಕೂಡಲೇ ಎಫ್2 ಗುಂಡಿಯನ್ನು ಟಕಟಕ ಅಂತ ಒತ್ತುತ್ತಾ ಇರಿ. ಎಡಗಡೆ ಒಂದು ಪಟ್ಟಿ ಬರುತ್ತದೆ. ಕೆಳಗಡೆ ‘ವೈರ್‌ಲೆಸ್’ ಅಂತ ಇರುತ್ತದೆ. ಅದರೊಳಗೆ ‘ವೈರ್‌ಲೆಸ್ ಡಿವೈಸ್ ಎನೇಬಲ್’ನಲ್ಲಿ ಡಬ್ಲ್ಯುಲ್ಯಾನ್ ಎದುರಿಗೆ ಟಿಕ್ ಇರಬೇಕು. ಇಲ್ಲದಿದ್ದರೆ ಹಾಕಿ. ಆಮೇಲೆ ‘ಪವರ್ ಮ್ಯಾನೇಜ್‌ಮೆಂಟ್’ ಕೆಳಗೆ ‘ವೈರ್‌ಲೆಸ್ ರೇಡಿಯೋ ಕಂಟ್ರೋಲ್’ ಹುಡುಕಿ. ನಾನು ಆಗಲೇ ಹೇಳಿದ ಕಟ್ಟಳೆ ಅಲ್ಲಿದೆ. ಅಲ್ಲಿರುವ ಟಿಕ್ ತೆಗೆಯಿರಿ. ‘ಅಪ್ಲೈ’ ಒತ್ತಿ ಹೊರಗೆ ಬನ್ನಿ. ಬೇರೆ ಯಾವುದನ್ನೂ ಮುಟ್ಟಬೇಡಿ.

ಪಟ್ಟಿ ಕಾಣುತ್ತದೆ, ಬದಲಾಯಿಸಲು ಬಿಡುವುದಿಲ್ಲ, ಪಾಸ್‌ವರ್ಡ್ ಕೇಳುತ್ತದೆ ಅಂತಾದರೆ ಹಳೆಯ ಕಂಪನಿಯ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಉಳಿದಿದೆ ಎಂದರ್ಥ. ನೀವು ಊಹಿಸುತ್ತಾ ಕೂರಬೇಡಿ. ಮಾರಿದ ಅಂಗಡಿಗೇ ಫೋನ್ ಮಾಡಿಸಿ. ಅದನ್ನು ತೆಗೆದುಕೊಟ್ಟೇ ಮಾರಬೇಕಿತ್ತು, ಅದು ಅವರ ಕೆಲಸ.

ಈಗ ಆ ಮುಖ್ಯ ಪ್ರಶ್ನೆಗೆ ಬರೋಣ. ಕಾರ್ಡ್ ಕಾಣುತ್ತಿದೆಯಾ?

ಮಿಂಟ್ ಮೆನುವಿನಲ್ಲಿ ‘ಸಿಸ್ಟಮ್ ರಿಪೋರ್ಟ್ಸ್’ ಅಂತ ಒಂದು ಪ್ರೋಗ್ರಾಮ್ ಇದೆ, ತೀರಾ ಹೊಸ ಮಿಂಟ್‌ನಲ್ಲಿ ಅದರ ಹೆಸರೇ ‘ಸಿಸ್ಟಮ್ ಇನ್ಫರ್ಮೇಶನ್’. ತೆರೆದು ‘ಸಿಸ್ಟಮ್ ಇನ್ಫರ್ಮೇಶನ್’ ಒತ್ತಿದರೆ ಉದ್ದನೆಯ ಜಾತಕ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್’ ಎಂಬ ತಲೆಬರಹ ಹುಡುಕಿ. ಅಲ್ಲಿ ಇಂಟೆಲ್ 82579ಎಲ್ಎಂ ಅಂತ ಒಂದು ಹೆಸರು ಇರುತ್ತದೆ. ಅದನ್ನು ನೋಡಿ ಖುಷಿಪಡಬೇಡಿ, ಅದು ಕೇಬಲ್ಲಿನದು. ಅದರ ಜೊತೆಗೆ ಇನ್ನೊಂದು ಹೆಸರು ಇರಬೇಕು. ಆ ಎರಡನೆಯದೇ ವೈಫೈ. ಅದರ ಮುಂದೆ ಎರಡು ವಿಷಯ ನೋಡಿ. ‘ಡ್ರೈವರ್’ ಅಂತ ಬರೆದ ಕಡೆ ಏನಾದರೂ ಹೆಸರಿದೆಯಾ, ಇಲ್ಲಾ ‘ಎನ್/ಎ’ ಅಂತ ಇದೆಯಾ ಅನ್ನುವುದು ಒಂದು. ‘ಚಿಪ್ ಐಡಿ’ ಅನ್ನುವುದು ಇನ್ನೊಂದು. ನಾಲ್ಕು ಅಕ್ಷರ, ನಡುವೆ ಎರಡು ಚುಕ್ಕೆ, ಮತ್ತೆ ನಾಲ್ಕು ಅಕ್ಷರ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈ ಎಂಟು ಅಕ್ಷರ ಇದೆಯಲ್ಲ, ಇದು ಕಾರ್ಡಿನ ಗೋತ್ರ ಮತ್ತು ಹೆಸರು. ಮೊದಲ ನಾಲ್ಕು ಕಂಪನಿ, ಕೊನೆಯ ನಾಲ್ಕು ಮಾಡೆಲ್. 8086 ಅಂತ ಶುರುವಾದರೆ ಇಂಟೆಲ್. 168ಸಿ ಅಂದರೆ ಎಥೆರಾಸ್. 10ಇಸಿ ಅಂದರೆ ರಿಯಲ್‌ಟೆಕ್. 14ಇ4 ಅಂದರೆ ಬ್ರಾಡ್‌ಕಾಮ್. ಮೇಲೆ ಅಂಟಿಸಿದ ಸ್ಟಿಕ್ಕರ್ ನಂಬಬೇಡಿ, ಅಂಗಡಿಯವರು ಹೇಳಿದ್ದನ್ನೂ ನಂಬಬೇಡಿ. ಒಂದೇ ಇ6430ನಲ್ಲಿ ಒಬ್ಬರಿಗೆ ಇಂಟೆಲ್ ಕಾರ್ಡ್ ಇರುತ್ತದೆ, ಇನ್ನೊಬ್ಬರಿಗೆ ಬ್ರಾಡ್‌ಕಾಮ್. ಕೊಂಡ ಕಂಪನಿ ಎಷ್ಟು ದುಡ್ಡು ಕೊಟ್ಟಿತ್ತು ಅನ್ನುವುದರ ಮೇಲೆ ಅದು ತೀರ್ಮಾನ ಆಗಿರುತ್ತದೆ.

ಇಂಟೆಲ್ ಇದ್ದರೆ ಅದೃಷ್ಟ. ಸೆಂಟ್ರಿನೋ 6205, 6300 ಈ ಎರಡೂ ಕಾರ್ಡುಗಳಿಗೆ ಬೇಕಾದ ಡ್ರೈವರ್ ಮಿಂಟ್ ಜೊತೆಯಲ್ಲೇ ಬಂದಿರುತ್ತದೆ. ಎಥೆರಾಸ್ ಇನ್ನೂ ಸಲೀಸು. ಆ ಕಾಲದ ಎಥೆರಾಸ್ ಕಾರ್ಡುಗಳಷ್ಟು ಲಿನಕ್ಸ್ ಜೊತೆ ಹೊಂದಿಕೊಂಡು ಹೋಗುವ ಕಾರ್ಡನ್ನು ನಾನು ನೋಡಿಲ್ಲ. ಈ ಎರಡರಲ್ಲಿ ಯಾವುದಾದರೂ ಇದ್ದು, ಡ್ರೈವರ್ ಹೆಸರೂ ಕಂಡು, ಆದರೂ ವೈಫೈ ಇಲ್ಲ ಅಂದರೆ ಮತ್ತೆ ಸ್ವಿಚ್ ಅಥವಾ ಬಯೋಸೇ ಕಾರಣ. ಖಾತ್ರಿ ಮಾಡಿಕೊಳ್ಳಬೇಕೇ? ಮೆನುವಿನಲ್ಲಿ ಟರ್ಮಿನಲ್ (ಆದೇಶ ಬರೆಯುವ ಕಿಟಕಿ) ತೆರೆದು ಆರ್-ಎಫ್-ಕೆ-ಐ-ಎಲ್-ಎಲ್ ಅಂತ ಸಣ್ಣ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಎಲ್-ಐ-ಎಸ್-ಟಿ ಅಂತ ಬರೆದು ಎಂಟರ್ ಒತ್ತಿ. ‘ಸಾಫ್ಟ್ ಬ್ಲಾಕ್ಡ್’ ಎದುರಿಗೆ ‘ಯೆಸ್’ ಇದ್ದರೆ ಪರದೆಯ ಮೂಲೆಯ ನೆಟ್‌ವರ್ಕ್ ಗುರುತಿನಲ್ಲೇ ವೈಫೈ ಆನ್ ಮಾಡಬಹುದು. ‘ಹಾರ್ಡ್ ಬ್ಲಾಕ್ಡ್’ ಎದುರಿಗೆ ‘ಯೆಸ್’ ಇದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಬಿಡಿಸಲಾರದು. ಯಾರೋ ಎಲ್ಲೋ ಸ್ವಿಚ್ ಆಫ್ ಮಾಡಿದ್ದಾರೆ, ಅಷ್ಟೇ.

ನನ್ನ ಅಂದಾಜು ಏನೆಂದರೆ, ನಿಮ್ಮದರಲ್ಲಿ ಇರುವುದು ಬ್ರಾಡ್‌ಕಾಮ್. ವಿಂಡೋಸ್‌ನಲ್ಲಿ ನಡೆಯುತ್ತಿದ್ದದ್ದು ಮಿಂಟ್ ಹಾಕಿದ ದಿನವೇ ನಿಂತಿತು ಅನ್ನುವ ಕಥೆ ಬಹುಪಾಲು ಅಲ್ಲಿಗೇ ಹೋಗಿ ಮುಟ್ಟುತ್ತದೆ. ಚಿಪ್ ಐಡಿ 14ಇ4:4359 ಇದ್ದರೆ ಅದು ಬಿಸಿಎಂ43228. 4727 ಇದ್ದರೆ ಬಿಸಿಎಂ4313. ಬೇರೆ ಲ್ಯಾಪ್‌ಟಾಪ್‌ಗಳಲ್ಲಿ 4315, 4365 ಕೂಡ ಸಿಗುತ್ತವೆ. ಇವುಗಳಲ್ಲಿ ಬಿಸಿಎಂ4313 ಒಂದೇ ಸುಮಾರಾಗಿ ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ. ಉಳಿದವಕ್ಕೆ ಸಾಮಾನ್ಯವಾಗಿ ಬ್ರಾಡ್‌ಕಾಮ್ ಕಂಪನಿಯದೇ ಡ್ರೈವರ್ ಬೇಕು. ಅದರ ಒಳಗುಟ್ಟನ್ನು ಕಂಪನಿ ಬಿಟ್ಟುಕೊಡದ ಕಾರಣ ಲಿನಕ್ಸ್‌ನವರು ತಮ್ಮ ಮೂಲ ಪ್ಯಾಕೇಜಿನಲ್ಲಿ ಅದನ್ನು ಸೇರಿಸಿಲ್ಲ. ಕೇಳಿ ಹಾಕಿಸಿಕೊಳ್ಳಬೇಕು.

ಕೇಳುವುದು ಸುಲಭ. ಈಗ ಕೇಬಲ್ ಮತ್ತೆ ಸಿಕ್ಕಿಸಿ. ಮೆನುವಿನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಸ್ವಲ್ಪ ಹುಡುಕಾಡಿ ಬ್ರಾಡ್‌ಕಾಮ್ ಹೆಸರಿನ ಡ್ರೈವರ್ ತೋರಿಸುತ್ತದೆ. ಅದನ್ನು ಆರಿಸಿ ‘ಅಪ್ಲೈ ಚೇಂಜಸ್’ ಒತ್ತಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಹಳೆಯ ಮಷಿನ್ನಿನಲ್ಲಿ ಐದು ನಿಮಿಷ ಹಿಡಿದರೂ ಹಿಡಿಯಬಹುದು, ಯಾಕೆಂದರೆ ಅದು ಡ್ರೈವರನ್ನು ಅಲ್ಲೇ, ನಿಮ್ಮ ಮಷಿನ್ನಿಗೆ ಅಂತಲೇ ಕಟ್ಟುತ್ತದೆ. ಮುಗಿದ ಮೇಲೆ ರೀಸ್ಟಾರ್ಟ್. ನಡುವೆ ನೀಲಿ ಪರದೆ ಬಂದು ‘ಮೋಕ್’ ಅಂತ ಏನೋ ಕೇಳಿದರೆ ಗಾಬರಿಯಾಗಬೇಡಿ. ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇದೆ, ಹೊಸ ಡ್ರೈವರನ್ನು ಒಳಗೆ ಬಿಡಲೇ ಅಂತ ಕೇಳುತ್ತಿದೆ. ‘ಎನ್‌ರೋಲ್ ಮೋಕ್’ ಆರಿಸಿ, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡ್ ಕೊಡಿ. ಆ ಪರದೆಯನ್ನು ಸುಮ್ನೆ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದ ಹಾಗೆ ಆಗುತ್ತದೆ.

ನಿಮಗೆ ಕೇಬಲ್ ಇದೆ, ಬಚಾವ್. ಇಲ್ಲದವರು ಏನು ಮಾಡಬೇಕು? ಇಂಟರ್ನೆಟ್ ಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬೇಕಾದರೆ ಇಂಟರ್ನೆಟ್ ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ ಅಂತಾರಲ್ಲ, ಹಾಗೆ. ಇದಕ್ಕೆ ಆಂಡ್ರಾಯ್ಡ್ ಫೋನೇ ಮದ್ದು. ಚಾರ್ಜರ್ ಕೇಬಲ್ಲಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿದರೆ ಸಾಕು. ಲ್ಯಾಪ್‌ಟಾಪ್ ಅದನ್ನು ಕೇಬಲ್ ಇಂಟರ್ನೆಟ್ ಅಂತಲೇ ತಿಳಿಯುತ್ತದೆ. ಫೋನು ಮನೆಯ ವೈಫೈನಲ್ಲಿದ್ದರೆ ಬಹಳಷ್ಟು ಫೋನುಗಳು ಆ ವೈಫೈಯನ್ನೇ ದಾಟಿಸುತ್ತವೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಆದರೆ ಕೇಬಲ್ ಬರೀ ಚಾರ್ಜಿಂಗ್ ಕೇಬಲ್ ಆಗಿರಬಾರದು, ಡೇಟಾ ಕೇಬಲ್ ಆಗಿರಬೇಕು. ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಸಲ ಡೇಟಾ ತಂತಿಯೇ ಇರುವುದಿಲ್ಲ.

ಇನ್ನು ಆ ಪಟ್ಟಿಯಲ್ಲಿ ಎರಡನೇ ಹೆಸರೇ ಇಲ್ಲ, ಬಯೋಸ್‌ನಲ್ಲೂ ಎಲ್ಲ ಸರಿಯಿದೆ ಅಂತಾದರೆ ಹೊಟ್ಟೆ ಬಿಚ್ಚಿ ನೋಡಲೇಬೇಕು. ಲ್ಯಾಟಿಟ್ಯೂಡ್‌ನ ಒಂದು ಒಳ್ಳೆಯ ಗುಣ ಎಂದರೆ ಇದು ರಿಪೇರಿ ಮಾಡಲಿ ಅಂತಲೇ ಮಾಡಿದ ಮಷಿನ್. ಬ್ಯಾಟರಿ ತೆಗೆದು, ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ರ‍್ಯಾಮ್, ಫ್ಯಾನ್, ವೈಫೈ ಕಾರ್ಡ್ ಎಲ್ಲ ಕಣ್ಣೆದುರಿಗೇ ಕಾಣುತ್ತವೆ. ಪವರ್ ಕೇಬಲ್ ಕೂಡ ಕಿತ್ತಿರಬೇಕು, ಮರೆಯಬೇಡಿ.

ವೈಫೈ ಕಾರ್ಡ್ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಮೂರು ಸೆಂಟಿಮೀಟರ್ ಚೌಕಕ್ಕಿಂತ ತುಸು ಚಿಕ್ಕ ಹಸಿರು ತುಂಡು. ಒಂದು ತುದಿ ಸ್ಲಾಟಿನಲ್ಲಿ ಕಚ್ಚಿಕೊಂಡಿರುತ್ತದೆ, ಇನ್ನೊಂದು ತುದಿಯನ್ನು ಸ್ಕ್ರೂ ಹಿಡಿದಿರುತ್ತದೆ. ಅದರ ಮೇಲೆ ಎರಡು ತಂತಿಗಳು ಬಂದು ಕೂತಿರುತ್ತವೆ, ಒಂದು ಕಪ್ಪು, ಒಂದು ಬಿಳಿ. ತಂತಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪಗಿನ ಹೊಳೆಯುವ ಟೋಪಿ. ಆ ತಂತಿಗಳೇ ಆಂಟೆನಾ. ಅವು ಹಿಂಜಿನ (ಪರದೆಯ ಕೀಲಿನ) ಸಂದಿಯಲ್ಲಿ ತೂರಿಕೊಂಡು ಪರದೆಯ ಚೌಕಟ್ಟಿನ ಒಳಗೆ ಮೇಲಿನ ತನಕ ಹೋಗುತ್ತವೆ.

ಆ ಟೋಪಿಗಳನ್ನು ಮೆಲ್ಲಗೆ ಮೇಲೆತ್ತಿ ಬಿಡಿಸಿ, ಸ್ಕ್ರೂ ಬಿಚ್ಚಿ ಕಾರ್ಡನ್ನು ಹೊರಗೆಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ, ವಾಪಸ್ ಕೂರಿಸಿ. ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಎಷ್ಟು ತೇವ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದ ಕಿಲುಬು ಕೂತರೆ ಸಾಕು, ಕಾರ್ಡ್ ಇದ್ದೂ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ರಬ್ಬರ್ ಉಜ್ಜಿ ಸರಿಮಾಡಿದ ಕಾರ್ಡುಗಳ ಲೆಕ್ಕ ನಾನು ಇಟ್ಟಿಲ್ಲ. ಟೋಪಿಯನ್ನು ಕೂರಿಸುವಾಗ ನೇರ ಮೇಲೆ ಇಟ್ಟು ಹೆಬ್ಬೆರಳಿನ ಉಗುರಿನಿಂದ ಒತ್ತಿ. ‘ಟಿಕ್’ ಅಂತ ಸಣ್ಣ ಸದ್ದು ಕೈಗೆ ಗೊತ್ತಾಗುತ್ತದೆ. ವಾರೆ ಇಟ್ಟು ಒತ್ತಿದರೆ ಆ ಟೋಪಿ ಬಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಕಾರ್ಡಿನ ಮೇಲೆ ಪುಟ್ಟ ತ್ರಿಕೋನದ ಗುರುತುಗಳಿರುತ್ತವೆ. ಬಿಳಿ ತ್ರಿಕೋನಕ್ಕೆ ಬಿಳಿ ತಂತಿ, ಕಪ್ಪಿಗೆ ಕಪ್ಪು.

ಈ ತಂತಿಗಳ ಬಗ್ಗೆ ಇನ್ನೊಂದು ಮಾತು. ರಿಫರ್ಬಿಶ್ ಮಾಡುವವರು, ಅಂದರೆ ಹಳೆಯದನ್ನು ಸರಿಮಾಡಿ ಮಾರುವವರು, ಪರದೆ ಬದಲಿಸುತ್ತಾರೆ, ಹಿಂಜ್ ಬದಲಿಸುತ್ತಾರೆ. ಆ ಗಡಿಬಿಡಿಯಲ್ಲಿ ಆಂಟೆನಾ ತಂತಿ ತುಂಡಾಗಿರುತ್ತದೆ, ಇಲ್ಲವೇ ಸಿಕ್ಕಿಸುವುದನ್ನೇ ಮರೆತಿರುತ್ತಾರೆ. ಇದರ ಲಕ್ಷಣ ಸ್ಪಷ್ಟ. ರೂಟರ್ ಪಕ್ಕ ಕೂತರೆ ವೈಫೈ ಬರುತ್ತದೆ, ನಡುಮನೆಯಿಂದ ಜಗಲಿಗೆ ಬಂದರೆ ಹೋಗುತ್ತದೆ. ಅಂಗಡಿಯ ಟೇಬಲ್ ಮೇಲೆ ರೂಟರ್ ಎರಡು ಅಡಿ ದೂರದಲ್ಲೇ ಇರುವುದರಿಂದ ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ‘ಅಂಗಡಿಯಲ್ಲಿ ಬರುತ್ತಿತ್ತು’ ಅನ್ನುವ ಮಾತಿಗೆ ಹೀಗೂ ಒಂದು ಅರ್ಥ ಇರುತ್ತದೆ.

ಕಾರ್ಡೇ ಸತ್ತಿದ್ದರೆ ಬೇರೆ ಹಾಕಬಹುದು. ಡೆಲ್ ಈ ವಿಷಯದಲ್ಲಿ ಧಾರಾಳಿ, ಯಾವ ಕಂಪನಿಯ ಕಾರ್ಡ್ ಹಾಕಿದರೂ ತಕರಾರು ಮಾಡುವುದಿಲ್ಲ. ಅದೇ ಕಾಲದ ಥಿಂಕ್‌ಪ್ಯಾಡ್‌ಗಳು, ಎಚ್‌ಪಿಯ ಕೆಲವು ಮಾಡೆಲ್‌ಗಳು ಹಾಗಲ್ಲ. ಬಯೋಸ್‌ನಲ್ಲಿ ಒಪ್ಪಿಗೆಯ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಹಾಕಿದರೆ ಥಿಂಕ್‌ಪ್ಯಾಡ್ 1802 ಅಂತ, ಎಚ್‌ಪಿ 104 ಅಂತ ದೋಷಸಂಖ್ಯೆ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಆ ಲ್ಯಾಪ್‌ಟಾಪ್ ಇರುವವರು ಕಾರ್ಡ್ ಕೊಳ್ಳುವ ಮುಂಚೆ ತಮ್ಮ ಮಾಡೆಲ್ಲಿಗೆ ಯಾವುದು ನಡೆಯುತ್ತದೆ ಅಂತ ನೋಡಿಕೊಳ್ಳಬೇಕು. ನಿಮ್ಮದಕ್ಕಾದರೆ ಅರ್ಧ ಉದ್ದದ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಅಂತ ಕೇಳಿ. ಹಳೆಯ ಇಂಟೆಲ್ 6205 ಸಾಕು. 7260ರ ಮಿನಿ ಮಾಡೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಹೊಸ ಲ್ಯಾಪ್‌ಟಾಪ್‌ಗಳ ಎಂ.2 ಕಾರ್ಡ್ ಇದಕ್ಕೆ ಕೂರುವುದಿಲ್ಲ, ಅದರ ಆಂಟೆನಾ ಟೋಪಿಯ ಅಳತೆಯೂ ಬೇರೆ. ನಿಜ ಹೇಳಬೇಕೆಂದರೆ, ಬ್ರಾಡ್‌ಕಾಮ್ ಕಾರ್ಡ್ ಸರಿಯಾದರೂ ಮುಂದೆ ಒಂದು ದಿನ ಇಂಟೆಲ್ ಹಾಕಿಸಿಬಿಡಿ ಅನ್ನುವವನು ನಾನು. ಆ ಬ್ರಾಡ್‌ಕಾಮ್ ಡ್ರೈವರಿನ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಅಲ್ಲಿಂದ ಈಚೆಗೆ ಲಿನಕ್ಸ್‌ನವರು ತೇಪೆ ಹಾಕಿ ಹಾಕಿ ನಡೆಸುತ್ತಿದ್ದಾರೆ. ಯಾವತ್ತೋ ಒಂದು ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಮೊಮ್ಮಗಳ ಆನ್‌ಲೈನ್ ಕ್ಲಾಸಿನ ಹೊತ್ತಿಗೆ ಅದು ಕೈಕೊಟ್ಟರೆ ಯಾರಿಗೆ ಬೇಕು?

ಇಷ್ಟು ಹೊತ್ತು ಲ್ಯಾಪ್‌ಟಾಪಿನ ಕಡೆಯಿಂದಲೇ ಮಾತಾಡಿದೆ. ರೂಟರ್ ಕಡೆಯಿಂದಲೂ ತಂಟೆ ಇರುತ್ತದೆ. ವೈಫೈ ಗುರುತು ಬಂತು, ಅಕ್ಕಪಕ್ಕದ ಹೆಸರುಗಳೂ ಕಂಡವು, ನಿಮ್ಮ ಮನೆಯದ್ದು ಮಾತ್ರ ಇಲ್ಲ ಅಂತಾದರೆ ಇದನ್ನು ಓದಿ.

ಕೆಲವು ವರ್ಷದ ಹಿಂದೆ ಒಬ್ಬರು ಇಂಥದ್ದೇ ಲ್ಯಾಪ್‌ಟಾಪ್ ತಂದಿದ್ದರು. ನನ್ನ ಟೇಬಲ್ ಮೇಲೆ ವೈಫೈ ಚೆನ್ನಾಗಿ ಬರುತ್ತಿತ್ತು. ಅವರ ಮನೆಗೆ ಹೋದರೆ ಇಲ್ಲ. ಎರಡು ಸಲ ಇಡೀ ಸಿಸ್ಟಮ್ ಹೊಸದಾಗಿ ಹಾಕಿಕೊಟ್ಟೆ. ಎರಡು ಸಲವೂ ಮನೆಯಿಂದ ಫೋನ್ ಬಂತು, ದನಿ ಎರಡನೇ ಸಲ ಸ್ವಲ್ಪ ಬಿಗಿಯಾಗಿತ್ತು. ಕೊನೆಗೆ ನಾನೇ ಅವರ ಮನೆಗೆ ಹೋದೆ. ಪಕ್ಕದ ಮನೆಯವರ ನಾಲ್ಕು ವೈಫೈ ಕಾಣುತ್ತಿವೆ, ಇವರದು ಇಲ್ಲ. ಇವರ ಫೋನಿನಲ್ಲಿ ಪೂರ್ತಿ ಸಿಗ್ನಲ್. ಫೋನಿನಿಂದ ರೂಟರಿನ ಸೆಟ್ಟಿಂಗ್ ತೆರೆದಾಗ ವಿಷಯ ಗೊತ್ತಾಯಿತು. ರೂಟರ್ ತಾನಾಗಿ 13ನೇ ಚಾನೆಲ್‌ಗೆ ಹೋಗಿ ಕೂತಿತ್ತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗದಲ್ಲಿ 1ರಿಂದ 13ರ ತನಕ ಚಾನೆಲ್ ಬಳಸಬಹುದು. ಅಮೆರಿಕದ ಮಾರ್ಕೆಟ್ಟಿಗೆ ಅಂತ ಮಾಡಿದ ಕಾರ್ಡುಗಳು 11ರ ತನಕ ಮಾತ್ರ ಕಿವಿ ಕೊಡುತ್ತವೆ. ಆ ಲ್ಯಾಪ್‌ಟಾಪ್ ಅಲ್ಲಿಂದ ಹಡಗು ಹತ್ತಿ ಬಂದದ್ದು, ಕೀಬೋರ್ಡಿನಲ್ಲಿ ರೂಪಾಯಿ ಗುರುತಿರಲಿಲ್ಲ. ಚಾನೆಲ್ 6ಕ್ಕೆ ಬದಲಿಸಿದೆ, ಅರ್ಧ ನಿಮಿಷದಲ್ಲಿ ಬಂತು. ದುಡ್ಡು ಕೇಳಲು ಬಾಯಿ ಬರಲಿಲ್ಲ. ನೀವೂ ನಿಮ್ಮ ರೂಟರಿನಲ್ಲಿ ‘ಆಟೋ’ ತೆಗೆದು 1, 6, 11 ಇವುಗಳಲ್ಲಿ ಒಂದನ್ನು ಇಟ್ಟುಬಿಡಿ. ಒಂದಕ್ಕೊಂದು ಮೈ ತಾಗಿಸದ ಚಾನೆಲ್‌ಗಳು ಈ ಮೂರೇ.

ನಿಮ್ಮ ರೂಟರ್ ಎರಡು ಹೆಸರು ಕೊಡುತ್ತಿರಬಹುದು, ಒಂದರ ಕೊನೆಗೆ ‘5ಜಿ’ ಅಂತ ಇರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಬಿಸಿಎಂ4313 ಥರದ ಕಾರ್ಡಿಗೆ ಅದು ಯಾವತ್ತಿಗೂ ಕಾಣುವುದಿಲ್ಲ. ಅದು ತಪ್ಪಲ್ಲ, ಅದರ ಯೋಗ್ಯತೆ ಅಷ್ಟೇ. 2.4ರ ಹೆಸರಿಗೆ ಸೇರಿಸಿ. ನಿಮ್ಮ ಕಡೆಯ ದಪ್ಪ ಗೋಡೆಯ ಮನೆಗಳಲ್ಲಿ ಹೇಗೂ 2.4 ಜಾಸ್ತಿ ದೂರ ಹೋಗುತ್ತದೆ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತದೆ ಅಂದರೆ ರೂಟರಿನ ಸೆಕ್ಯುರಿಟಿ ನೋಡಿ. ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿ ಬಂದದ್ದು 2018ರಲ್ಲಿ, ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ಆರು ವರ್ಷ ಹಿರಿಯ. ರೂಟರಿನಲ್ಲಿ ‘ಡಬ್ಲ್ಯುಪಿಎ2’ ಅಥವಾ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎರಡೂ ಸೇರಿರುವುದನ್ನು ಇಡಿ. ಅದರ ಪಕ್ಕದಲ್ಲಿ ‘ಎಇಎಸ್’ ಇರಲಿ. ‘ಟಿಕೆಐಪಿ’ ಇದ್ದರೆ ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ವೇಗ 54 ಎಂಬಿಪಿಎಸ್ ದಾಟುವುದಿಲ್ಲ.

ವೈಫೈ ಸೇರಿತು, ಆದರೆ ಬ್ರೌಸರ್ ಎಲ್ಲ ಸೈಟಿಗೂ ‘ಸುರಕ್ಷಿತವಲ್ಲ’ ಅನ್ನುತ್ತಿದೆಯೇ? ಕೆಳಗಿನ ಗಡಿಯಾರ ನೋಡಿ. ತಾರೀಕು 2012ಕ್ಕೋ 2015ಕ್ಕೋ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಇಷ್ಟು ಹಳೆಯ ಮಷಿನ್‌ಗಳಲ್ಲಿ ಇದು ಮಾಮೂಲು. ಬಯೋಸ್‌ನಲ್ಲಿ ನೀವು ಸರಿಮಾಡಿದ್ದೂ ಮರೆತುಹೋಗುತ್ತಿದ್ದರೆ ಅದಕ್ಕೂ ಇದೇ ಕಾರಣ. ಬ್ಯಾಟರಿ ಬದಲಿಸಿದರೆ ಮುಗಿಯಿತು.

ಇದ್ಯಾವುದರ ಉಸಾಬರಿಯೂ ಬೇಡ, ಬಿಚ್ಚುವುದಕ್ಕೂ ಧೈರ್ಯ ಇಲ್ಲ ಅಂದರೆ ಯುಎಸ್‌ಬಿ ವೈಫೈ ಡಾಂಗಲ್ ಇದೆ. ಹೆಬ್ಬೆರಳಿನ ಉಗುರಿನಷ್ಟು ಸಣ್ಣದು, ಕೆಲವು ನೂರು ರೂಪಾಯಿ. ಆದರೆ ಡಬ್ಬದ ಮೇಲಿನ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಚಿಪ್ ಯಾವುದು ಕೇಳಿ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಮಾಡೆಲ್ಲನ್ನೇ ಉದಾಹರಣೆಗೆ ನೋಡಿ. ಮೊದಲನೇ ಆವೃತ್ತಿಯಲ್ಲಿ ಎಥೆರಾಸ್ ಚಿಪ್ ಇತ್ತು, ಎರಡನೆಯದರಿಂದ ರಿಯಲ್‌ಟೆಕ್ ಬಂತು. ಹೆಸರು ಅದೇ, ಹೂರಣ ಬೇರೆ. ಲಿನಕ್ಸ್‌ಗೆ ಎಥೆರಾಸ್ 9271 ಅಥವಾ ಮೀಡಿಯಾಟೆಕ್ 7601 ಚಿಪ್ ಇರುವ ಡಾಂಗಲ್ ಆದರೆ ಸಿಕ್ಕಿಸಿದ ಕೂಡಲೇ ನಡೆಯುತ್ತದೆ. ಅದನ್ನು ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿಗೆ ಹಾಕಬೇಡಿ, ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರಂತೂ ಬೇಡವೇ ಬೇಡ. ಯುಎಸ್‌ಬಿ 3 ಹೊರಡಿಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ. ಫೈಲ್ ಕಾಪಿ ಶುರುಮಾಡಿದ ಕೂಡಲೇ ವೈಫೈ ಬಿದ್ದುಹೋಗುವುದು ಎಷ್ಟೋ ಸಲ ಹೀಗೆಯೇ.

ಇದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇಟ್ಟುಕೊಂಡಿರುವವರಿಗೆ ಎರಡೇ ಮಾತು. ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತೋ ಕೆಳಮುಖದ ಬಾಣವೋ ಇರುವುದರ ಮೇಲೆ ಎರಡು ಸಲ ಒತ್ತಿ. ಕೋಡ್ 28 ಅಂದರೆ ಡ್ರೈವರ್ ಇಲ್ಲ, 22 ಅಂದರೆ ಯಾರೋ ಆಫ್ ಮಾಡಿದ್ದಾರೆ, 10 ಅಂದರೆ ಶುರುವಾಗುತ್ತಿಲ್ಲ. ಡ್ರೈವರನ್ನು ಕಂಡಕಂಡ ಸೈಟಿನಿಂದ ಇಳಿಸಬೇಡಿ, ಕೆಳಗಡೆ ಅಂಟಿಸಿರುವ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಕೊಟ್ಟು ಡೆಲ್ ಸೈಟಿನಿಂದಲೇ ಇಳಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಈ ಮಷಿನ್ನಿಗೆ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಮೊಮ್ಮಗಳ ಆ ಸ್ನೇಹಿತ ಮಿಂಟ್ ಹಾಕಿದ್ದು ಒಳ್ಳೆಯ ಕೆಲಸವೇ. ಅವನನ್ನು ಬೈಯಬೇಡಿ, ಬದಲಿಗೆ ಈ ಪತ್ರ ತೋರಿಸಿ. ಬಯೋಸ್ ಮತ್ತು ಡ್ರೈವರ್ ಮ್ಯಾನೇಜರ್ ಕೆಲಸ ಅವನೇ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ.

ಅಷ್ಟಾದರೂ ಬರಲಿಲ್ಲವಾದರೆ ಚೀಟಿಯಲ್ಲಿ ಬರೆದಿಟ್ಟ ಆ ಎಂಟು ಅಕ್ಷರ, ಮತ್ತು ಕೇಬಲ್ ಕಿತ್ತಾಗ ಏನಾಯಿತು ಅನ್ನುವುದನ್ನು ನನಗೆ ಬರೆಯಿರಿ. ಅಲ್ಲಿಯ ತನಕ ಪೇಟೆಯ ಅಂಗಡಿಯವರಿಗೆ ಮದರ್‌ಬೋರ್ಡ್ ಅಡ್ವಾನ್ಸ್ ಕೊಡಬೇಡಿ.